ಕಂಡಕ್ಟರು ಕೊಟ್ಟ ಮಾತು

ಶಾಸಕರಾಗಿ ಹದಿನೇಳು ವರ್ಷವಾದರೂ ಅವರನ್ನು ಎಲ್ಲರೂ ಕಂಡಕ್ಟರು ಎಂದೇ ಕರೆಯುತ್ತಿದ್ದರು. ತಪ್ಪೇನಿಲ್ಲ, ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ಕೈ ಅದು. ಮುಷ್ಕರ ಮಾಡಿಸಿದನೆಂದು ಸಾರಿಗೆ ನಿಗಮದವರು ಕೆಲಸದಿಂದ ಕಿತ್ತುಹಾಕಿದರು. ಕಿತ್ತುಹಾಕಿದ್ದೇ ಒಳ್ಳೆಯದಾಯಿತು ಎನ್ನುವಂತೆ ಚುನಾವಣೆಗೆ ನಿಂತರು, ಗೆದ್ದರು. ತುಂಬಿದ ಬಸ್ಸಿನ ಮೇಲೆ ಒಮ್ಮೆ ಕಣ್ಣಾಡಿಸಿ, ‘ಅರವತ್ಮೂರು ಜನ, ಒಬ್ಬ ಟಿಕೆಟ್ ತಗೊಂಡಿಲ್ಲ’ ಎನ್ನುತ್ತಿದ್ದ ಮನುಷ್ಯನಿಗೆ ಸದನದ ತಲೆ ಎಣಿಸುವುದು ಯಾವ ಮಹಾ ಕೆಲಸ? ಗುಮಾಸ್ತರು ಎಣಿಸಿ ಮುಗಿಸುವ ಮೊದಲೇ ಇವರು ಪಕ್ಕದವರ ಕಿವಿಯಲ್ಲಿ ಫಲಿತಾಂಶ ಹೇಳಿಬಿಡುತ್ತಿದ್ದರು. ಮೊದಲ ಐದು ವರ್ಷ ಅವರು ಸದನದಲ್ಲಿ ಮಾಡಿದ ಘನಕಾರ್ಯ ಬಹುಶಃ ಇದೊಂದೇ.

ಶಾಸಕರ ಭವನದ ಮೂರನೇ ಮಹಡಿಯಲ್ಲಿ ಅವರ ಪಕ್ಕದ ಕೋಣೆ ದನದ ಡಾಕ್ಟರದು. ಡಾಕ್ಟರು ವಿರೋಧ ಪಕ್ಷದವರು, ವಯಸ್ಸಿನಲ್ಲಿ ನಾಲ್ಕು ವರ್ಷ ದೊಡ್ಡವರು. ಸದನದೊಳಗೆ ಇಬ್ಬರದೂ ಹಾವು ಮುಂಗುಸಿ ಸಂಬಂಧ, ಭವನಕ್ಕೆ ಬಂದರೆ ಒಂದೇ ಕೆಟಲಿನ ಚಹಾ. ‘ನನ್ನ ರೋಗಿಗಳು ಒದೀತವೆ ನಿಜ. ಆದ್ರೆ ಸುಳ್ಳು ಹೇಳಲ್ಲ ಕಂಡಕ್ಟ್ರೇ’ ಎಂದು ಡಾಕ್ಟರು ಕಾಲೆಳೆಯುತ್ತಿದ್ದರು. ರಜೆಯಲ್ಲಿ ಅವರ ಮಗಳು ಬಂದರೆ ಅಪ್ಪನ ಕೋಣೆಯಲ್ಲಿ ಇರುತ್ತಿದ್ದುದಕ್ಕಿಂತ ಇವರ ಕೋಣೆಯಲ್ಲಿ ಇರುತ್ತಿದ್ದುದೇ ಹೆಚ್ಚು. ಕಂಡಕ್ಟರ ಹೆಂಡತಿ ಅವಳಿಗೆ ತಲೆ ಬಾಚುತ್ತಿದ್ದಳು. ಮಕ್ಕಳಿಲ್ಲದ ಮನೆ, ಹುಡುಗಿ ಬಾಯಿ ತುಂಬ ಮಾವ, ಅತ್ತೆ ಎನ್ನುತ್ತಿದ್ದಳು.

ಆ ಸದನದಲ್ಲಿ ಒಂದು ಹಳೆಯ ಪದ್ಧತಿ ಇತ್ತು. ಯಾರಿಗಾದರೂ ಮತದಾನದ ದಿನವೇ ಬರಲಾಗದ ಕಷ್ಟ ಬಂದರೆ ಎದುರು ಪಕ್ಷದ ಒಬ್ಬರು ತಾವೂ ಹೊರಗೆ ಉಳಿಯುತ್ತಿದ್ದರು. ಆ ಕಡೆ ಒಂದು ಕಡಿಮೆ, ಈ ಕಡೆ ಒಂದು ಕಡಿಮೆ, ತೂಕ ಸರಿಹೋಯಿತು. ಇದಕ್ಕೆ ಜೋಡಿ ಕೊಡುವುದು ಎನ್ನುತ್ತಿದ್ದರು. ಕಾಗದ, ಸಹಿ, ಸಾಕ್ಷಿ ಯಾವುದೂ ಇಲ್ಲ, ಬರೀ ಬಾಯಿಮಾತು. ಸುಳ್ಳಿಗೇ ಸಂಬಳ ತೆಗೆದುಕೊಳ್ಳುತ್ತಾರೆ ಎಂದು ಜನ ಬೈಯುವ ಆ ಕಟ್ಟಡದಲ್ಲಿ ಈ ಒಂದು ಬಾಯಿಮಾತು ಮಾತ್ರ ಯಾರ ಕಾಲದಲ್ಲೂ ಮುರಿದಿರಲಿಲ್ಲ.

ಆರನೇ ವರ್ಷ ಸರ್ಕಾರದ ಮೇಲೆ ಅವಿಶ್ವಾಸ ನಿರ್ಣಯ ಬಂತು. ಅದೇ ಬೆಳಿಗ್ಗೆ ಡಾಕ್ಟರ ಹೆಂಡತಿಗೆ ಹೊಟ್ಟೆಯ ಆಪರೇಷನ್. ಡಾಕ್ಟರು ಹಿಂದಿನ ಸಂಜೆ ಕಂಡಕ್ಟರ ಕೋಣೆಗೆ ಬಂದು ಕುರ್ಚಿ ಎಳೆದುಕೊಳ್ಳದೆ ನಿಂತೇ ಕೇಳಿದರು.

‘ನಾಳೆ ನನಗೆ ಜೋಡಿ ಕೊಡ್ತೀರಾ? ಅವಳು ಕಣ್ಣು ಬಿಟ್ಟಾಗ ನಾನು ಎದುರಿಗೆ ಇರ್ಬೇಕಂತೆ. ಮೂವತ್ತು ವರ್ಷದಲ್ಲಿ ಅವಳು ಕೇಳಿರೋದು ಇದೊಂದೇ.’

‘ಇದೂ ಕೇಳೋ ಮಾತಾ ಡಾಕ್ಟ್ರೇ? ನೀವು ಆಸ್ಪತ್ರೆಲಿ ಇರಿ, ನಾನು ಇಲ್ಲೇ ಬಾಗಿಲು ಹಾಕ್ಕೊಂಡು ಮಲಗಿರ್ತೀನಿ.’ ಕಂಡಕ್ಟರು ಅವರ ಎರಡೂ ಕೈ ಹಿಡಿದುಕೊಂಡರು. ಆ ಕ್ಷಣಕ್ಕೆ ಅದು ನೂರಕ್ಕೆ ನೂರು ನಿಜವಾದ ಮಾತು.

ಬೆಳಿಗ್ಗೆ ಹತ್ತಕ್ಕೆ ಬಾಗಿಲು ಬಡಿದದ್ದು ಸಚೇತಕ. ಪಕ್ಷದವರನ್ನೆಲ್ಲ ಮತಕ್ಕೆ ಅಟ್ಟಿಕೊಂಡು ಹೋಗುವುದೇ ಅವನ ಉದ್ಯೋಗ. ರಾತ್ರೋರಾತ್ರಿ ತಮ್ಮ ಇಬ್ಬರು ಆ ಕಡೆ ಹಾರಿದ್ದಾರೆ, ಈಗ ಒಂದೊಂದು ತಲೆಯೂ ಬೇಕು ಎಂದ. ಕಂಡಕ್ಟರು ಜೋಡಿಯ ವಿಷಯ ಹೇಳಿದರು.

‘ಯಾರೆದುರಿಗೆ ಕೊಟ್ರಿ?’

‘ನಾವಿಬ್ರೇ ಇದ್ವಿ.’

‘ಹಾಗಾದ್ರೆ ಕೊಟ್ಟಿಲ್ಲ ಬಿಡಿ’ ಎಂದ ಸಚೇತಕ. ಆಮೇಲೆ ಹಾಸಿಗೆಯ ಅಂಚಿನಲ್ಲಿ ಕೂತು ದನಿ ಇಳಿಸಿದ. ‘ಸಾರಿಗೆ ನಿಗಮದ ಅಧ್ಯಕ್ಷಗಿರಿ ಖಾಲಿ ಇದೆ. ಮುಖ್ಯಮಂತ್ರಿ ಸಾಹೇಬರು ನಿಮ್ಮ ಹೆಸರೇ ಹೇಳ್ತಿದ್ರು.’

ಆಸೆ ಕೆಟ್ಟದ್ದು ಎನ್ನುವವರು ಒಮ್ಮೆ ಕಂಡಕ್ಟರ ಜಾಗದಲ್ಲಿ ನಿಂತು ನೋಡಬೇಕು. ಅದೇ ನಿಗಮದ ಕಚೇರಿಯ ಮೆಟ್ಟಿಲ ಮೇಲೆ ಅವರನ್ನು ಮೂರು ದಿನ ಕಾಯಿಸಿ, ಚೀಲ ಕಿತ್ತುಕೊಂಡು, ಕಾಗದ ಕೈಗಿಟ್ಟು ಕಳಿಸಿದ್ದರು. ಆ ಮೆಟ್ಟಿಲನ್ನು ಅಧ್ಯಕ್ಷನಾಗಿ ಹತ್ತುವ ಕನಸು ಬೀಳದ ದಿನವಿರಲಿಲ್ಲ. ಕಂಡಕ್ಟರು ಎದ್ದು ಅಂಗಿ ಹಾಕಿಕೊಂಡರು. ಹೆಂಡತಿ ಒಳಗಿನಿಂದ, ‘ಎಲ್ಲಿಗೆ? ಬಾಗಿಲು ಹಾಕ್ಕೊಂಡು ಮಲಗಿರ್ತೀನಿ ಅಂದಿದ್ರಲ್ಲ?’ ಎಂದಳು. ಅವರು ಕೇಳಿಸದವರ ಹಾಗೆ ಹೊರಟುಹೋದರು.

ಗಂಟೆ ಮೊಳಗಿತು, ಬಾಗಿಲುಗಳು ಮುಚ್ಚಿದವು, ಸದಸ್ಯರು ಸಾಲು ಸಾಲಾಗಿ ಎದ್ದು ನಿಂತರು. ಕಂಡಕ್ಟರು ಅಂದು ತಲೆ ಎಣಿಸಬಾರದೆಂದುಕೊಂಡರೂ ಹಾಳು ಕಣ್ಣು ಎಣಿಸಿಯೇಬಿಟ್ಟಿತು. ಸರ್ಕಾರ ಉಳಿದದ್ದು ಒಂದೇ ಒಂದು ಮತದಿಂದ. ಎದುರಿನ ಬೆಂಚಿನಲ್ಲಿ ಖಾಲಿ ಇದ್ದದ್ದೂ ಒಂದೇ ಜಾಗ.

ಆಪರೇಷನ್ ಆದ ಮೂರನೇ ದಿನ ಡಾಕ್ಟರ ಹೆಂಡತಿ ತೀರಿಕೊಂಡಳು. ಅಷ್ಟರಲ್ಲಿ ಊರೆಲ್ಲ ಗುಲ್ಲು: ದನದ ಡಾಕ್ಟರು ಸರ್ಕಾರಕ್ಕೆ ತಮ್ಮನ್ನು ಮಾರಿಕೊಂಡರು, ಹೆಂಡತಿಯ ಕಾಯಿಲೆಯನ್ನೇ ನೆಪ ಮಾಡಿಕೊಂಡು ತಪ್ಪಿಸಿಕೊಂಡರು! ಡಾಕ್ಟರು ಜೋಡಿ ಇತ್ತು ಎಂದರು. ಅವರ ಪಕ್ಷದವರು ಸದನದಲ್ಲೇ ಎದ್ದು ಕಂಡಕ್ಟರನ್ನು ಕೇಳಿದರು.

ಹೌದು ಎಂದರೆ ತನ್ನ ಮಾನ ಹೋಗುತ್ತದೆ, ಇಲ್ಲ ಎಂದರೆ ಅವರದು. ಕಂಡಕ್ಟರು ಎದ್ದು ನಿಂತು, ‘ಅಂಥ ಮಾತುಕತೆ ಯಾವುದೂ ನಡೆದಿಲ್ಲ’ ಎಂದು ಹೇಳಿ ಕೂತರು. ನಾಲ್ಕೇ ಪದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಅಂದು ಎರಡೂ ಹೋದವು.

ಡಾಕ್ಟರ ಪಕ್ಷ ಅವರನ್ನು ಹೊರಗೆ ಹಾಕಿತು. ಕಂಡಕ್ಟರು ನಿಗಮದ ಮೆಟ್ಟಿಲು ಹತ್ತಿದರು. ಹತ್ತಿದ ಎರಡನೇ ತಿಂಗಳು ಡಾಕ್ಟರ ಮಗಳು ಅವರ ಕಚೇರಿಗೆ ಬಂದಳು. ಉದ್ದನೆಯ ಮೇಜು, ಮೂರು ಫೋನು, ಗಾಜಿನ ಕೆಳಗೆ ಬಸ್ಸು ಓಡುವ ದಾರಿಗಳ ನಕ್ಷೆ. ಅವಳು ಕೂರಲಿಲ್ಲ.

‘ಮಾವ, ಕಾಲೇಜಲ್ಲಿ ಎಲ್ರೂ ಆಡ್ಕೋತಾರೆ. ಅಮ್ಮನ್ನ ಹಾಸಿಗೆ ಮೇಲೆ ಬಿಟ್ಟು ವ್ಯಾಪಾರ ಮಾಡ್ದ ಅಂತಾರೆ. ಅಪ್ಪ ಜೋಡಿ ಇತ್ತು ಅಂತಾನೆ. ನೀವು ಹೇಳಿದ್ರೆ ನಂಬ್ತೀನಿ. ಕೊಟ್ಟಿದ್ರಾ?’

ಹೊರಗೆ ಜವಾನ, ಒಳಗೆ ತಾನು ಮತ್ತು ಅವಳು. ಅಲ್ಲಿ ನಿಜ ಹೇಳಿದ್ದರೆ ಮೂರನೆಯವರಿಗೆ ತಿಳಿಯುತ್ತಿರಲಿಲ್ಲ. ಆದರೂ ಭಯ. ಹುಡುಗಿ ಹೊರಗೆ ಹೋಗಿ ಹೇಳಿದರೆ? ಕುರ್ಚಿ ಇನ್ನೂ ಬಿಸಿಯೂ ಆಗಿರಲಿಲ್ಲ.

‘ಇಲ್ಲಮ್ಮ’ ಎಂದರು ಕಂಡಕ್ಟರು. ‘ಪಾಪ, ಆ ಗಡಿಬಿಡಿಯಲ್ಲಿ ನಿಮ್ಮಪ್ಪ ಏನೋ ಅಂದ್ಕೊಂಡಿರ್ಬೇಕು.’

ಹುಡುಗಿ ತಲೆಯಾಡಿಸಿ ಹೋದಳು. ಆ ಪಾಪ ಎನ್ನುವ ಪದವನ್ನು ಸೇರಿಸಿದ್ದಕ್ಕೆ ನಾನಂತೂ ಅವರನ್ನು ಕ್ಷಮಿಸಲಾರೆ.

ಆಮೇಲಿನ ಹನ್ನೊಂದು ವರ್ಷದ ರಾಜಕೀಯ ಹೇಳುವಂಥದ್ದಲ್ಲ. ಎರಡು ಸಲ ಮತ್ತೆ ಗೆದ್ದರು, ತಂಗುದಾಣಗಳಿಗೆ ಸೂರು ಹಾಕಿಸಿದರು, ಉದ್ಘಾಟನೆಯ ಕಲ್ಲುಗಳ ಮೇಲೆ ಹೆಸರು ಬಂತು. ಅಧ್ಯಕ್ಷಗಿರಿ ಎರಡೇ ವರ್ಷಕ್ಕೆ ಬೇರೆಯವರ ಪಾಲಾಯಿತು. ಆ ಸದನದಲ್ಲಿ ಜೋಡಿಯ ಪದ್ಧತಿಯೂ ನಿಂತುಹೋಯಿತು, ಯಾರೂ ಯಾರನ್ನೂ ಕೇಳುವ ಧೈರ್ಯ ಮಾಡಲಿಲ್ಲ. ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ಮತ ಹಾಕಲು ಬಂದವರೂ ಉಂಟು. ಪಕ್ಕದ ಕೋಣೆಗೆ ಬೇರೊಬ್ಬರು ಬಂದರು. ಕಂಡಕ್ಟರ ಹೆಂಡತಿ ಒಂದು ಚಹಾಕ್ಕೂ ಅವರನ್ನು ಕರೆಯಲಿಲ್ಲ. ಗಂಡನನ್ನು ಅವಳು ಬೈಯಲೂ ಇಲ್ಲ. ಏನಾದರೂ ಆಣೆ ಪ್ರಮಾಣದ ಮಾತು ಬಂದಾಗ ಮಾತ್ರ, ‘ಎಲುಬಿಲ್ಲದ ನಾಲಿಗೆ, ಅದಕ್ಯಾಕೆ ಅಷ್ಟು ಕಷ್ಟ ಕೊಡ್ತೀರಿ’ ಎಂದು ಒಳಗೆ ಹೋಗುತ್ತಿದ್ದಳು. ಕಂಡಕ್ಟರು ಡಾಕ್ಟರನ್ನು ಹುಡುಕಿಕೊಂಡು ಎರಡು ಸಲ ಹೊರಟು, ಎರಡು ಸಲವೂ ಅರ್ಧ ದಾರಿಯಿಂದ ಹಿಂತಿರುಗಿದರು.

ಒಂದು ದಿನ ಪತ್ರಿಕೆಯ ಮೂಲೆಯಲ್ಲಿ ಎರಡು ಬೆರಳು ಅಗಲದ ಸುದ್ದಿ: ಮಾಜಿ ಶಾಸಕ, ಪಶುವೈದ್ಯ ನಿಧನ.

ಮಾಜಿ ಸದಸ್ಯರು ತೀರಿಕೊಂಡರೆ ಸದನದಲ್ಲಿ ಸಂತಾಪ ಸೂಚನೆ ಮಾಡುತ್ತಾರೆ. ಬಲ್ಲವರು ಎದ್ದು ಎರಡೆರಡು ನಿಮಿಷ ಮಾತಾಡುತ್ತಾರೆ, ಎಲ್ಲರೂ ಮೌನವಾಗಿ ನಿಲ್ಲುತ್ತಾರೆ, ನಡೆದದ್ದರ ಪ್ರತಿ ಮನೆಯವರಿಗೆ ಹೋಗುತ್ತದೆ. ಕಂಡಕ್ಟರು ಹೆಸರು ಕೊಟ್ಟರು. ಅಂದು ಬೆಳಿಗ್ಗೆ ಹೆಂಡತಿಗೆ, ‘ಹೇಳ್ಬಿಡ್ತೀನಿ ಕಣೇ’ ಎಂದಾಗ ಅವಳು ಅವರ ಅಂಗಿಯ ಗುಂಡಿ ಹಾಕುತ್ತ, ‘ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕೋಕೆ ಹೊರಟ್ರಾ? ಆಗ್ಲಿ, ಹಾಕಿ’ ಎಂದಳು.

ಅವರು ಎದ್ದು ನಿಂತು ಪೀಠಿಕೆ ಇಲ್ಲದೆ ಹೇಳಿದರು. ‘ಅವತ್ತು ಡಾಕ್ಟರು ಹೇಳಿದ್ದೇ ನಿಜ. ನಾನು ಜೋಡಿ ಕೊಟ್ಟಿದ್ದೆ. ಕೈ ಹಿಡ್ಕೊಂಡು ಕೊಟ್ಟಿದ್ದೆ. ಮುರಿದವನು ನಾನು, ಸುಳ್ಳು ಹೇಳಿದವನೂ ನಾನು.’

ಎರಡೂ ಕಡೆಯಿಂದ ಕೂಗಾಟ. ಸಭಾಧ್ಯಕ್ಷರು ಗಂಟೆ ಬಾರಿಸಿ ಎದ್ದರು. ‘ಸಂತಾಪದ ಹೊತ್ತಿನಲ್ಲಿ ವಿವಾದ ಬೇಡ. ಮೃತರ ಗುಣಗಾನ ಮಾತ್ರ ಮಾಡಬೇಕು ಅನ್ನೋದು ಈ ಸದನದ ಸಂಪ್ರದಾಯ. ಮಾನ್ಯ ಸದಸ್ಯರ ಮಾತು ಕಡತಕ್ಕೆ ಹೋಗುವುದಿಲ್ಲ.’ ಪತ್ರಿಕೆಯವರೂ ಬರೆಯುವ ಹಾಗಿಲ್ಲ ಎಂದರು. ಎಲ್ಲರೂ ಒಂದು ನಿಮಿಷ ಮೌನವಾಗಿ ನಿಂತರು.

ಪ್ರತಿ ಸಿದ್ಧವಾದಾಗ ಕಂಡಕ್ಟರು ಹೋಗಿ ಓದಿದರು. ಅವರ ಮಾತಿನ ಜಾಗದಲ್ಲಿ ಒಂದು ಸಾಲು: ಮಾನ್ಯ ಸದಸ್ಯರು ಮೃತರ ಸರಳ ಸ್ವಭಾವವನ್ನು ಸ್ಮರಿಸಿದರು. ಕೋಪ ಬಂತು, ನಗುವೂ ಬಂತು. ‘ಅಂಚೆಗೆ ಹಾಕ್ಬೇಡಿ, ನಾನೇ ಕೊಟ್ಟು ಬರ್ತೀನಿ’ ಎಂದು ಲಕೋಟೆ ತೆಗೆದುಕೊಂಡರು. ಈ ಸಲ ಅರ್ಧ ದಾರಿಯಿಂದ ತಿರುಗಬಾರದೆಂದು ಕಾರು ಬಿಟ್ಟು ಬಸ್ಸಿನಲ್ಲಿ ಹೋದರು.

ಡಾಕ್ಟರ ಮಗಳು ಇನ್ನೊಂದು ಊರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದಳು. ಕಿರಿದಾದ ಅಂಗಡಿ, ಮೂರು ಗೋಡೆಗೂ ಕಪಾಟು, ಎದುರಿಗೆ ಗಾಜಿನ ಕೌಂಟರು. ಮೂವತ್ತು ದಾಟಿದ ಹೆಂಗಸು, ಅಪ್ಪನದೇ ಹಣೆ. ಕತ್ತರಿಯಿಂದ ಮಾತ್ರೆಯ ಹಾಳೆ ಕತ್ತರಿಸುತ್ತಿದ್ದವಳು ತಲೆಯೆತ್ತಿ ಗುರುತು ಹಿಡಿದಳು.

‘ಮಾವ! ಏನಿಷ್ಟು ದೂರ? ಒಳಗೆ ಬನ್ನಿ’ ಎಂದು ಸ್ಟೂಲು ಎಳೆದು ಹಾಕಿದಳು.

ಲಕೋಟೆಯನ್ನು ಕೌಂಟರಿನ ಮೇಲಿಟ್ಟರು. ಇದರಲ್ಲಿ ಇಲ್ಲದ್ದನ್ನು ಹೇಳಲು ಬಂದೆ ಎಂದರು. ಹೇಳಿದರು. ಆ ಸಂಜೆ ಕೈ ಹಿಡಿದದ್ದು, ಬೆಳಿಗ್ಗೆ ಅಂಗಿ ಹಾಕಿಕೊಂಡದ್ದು, ಅವಳು ಕಚೇರಿಗೆ ಬಂದಾಗ ಭಯಪಟ್ಟದ್ದು, ಒಂದನ್ನೂ ಬಿಡಲಿಲ್ಲ. ಅವಳು ಬೈಯಲಿ, ಉಗಿಯಲಿ ಎಂದು ತಯಾರಾಗಿ ಕೂತರು.

ಅವಳು ಕತ್ತರಿ ಕೆಳಗಿಡಲಿಲ್ಲ. ಒಬ್ಬ ಮುದುಕ ಬಂದು ಕೆಮ್ಮಿನ ಔಷಧಿ ಕೇಳಿದ. ಎದ್ದು ಬಾಟಲಿ ತೆಗೆದುಕೊಟ್ಟು, ದಿನಕ್ಕೆ ಮೂರು ಸಲ, ಊಟ ಆದ ಮೇಲೆ ಎಂದು ಹೇಳಿ ಕಳಿಸಿದಳು. ಆಮೇಲೆ ಇವರ ಕಡೆ ತಿರುಗಿದಳು.

‘ನಿಮ್ಮ ಕಚೇರಿಯಿಂದ ಸೀದಾ ಮನೆಗೆ ಹೋದೆ ಮಾವ. ಅಪ್ಪ ದನದ ಕಾಲಿಗೆ ಪಟ್ಟಿ ಕಟ್ತಿದ್ರು. ಮಾವನ್ನ ಕೇಳ್ದೆ, ನೀನು ಸುಳ್ಳುಗಾರ ಅಂದೆ. ಅಮ್ಮನ್ನ ಮಾರ್ಕೊಂಡೆ ಅಂತಾನೂ ಅಂದೆ. ಅವತ್ತೇ ಬ್ಯಾಗ್ ತಗೊಂಡು ಬಂದ್ಬಿಟ್ಟೆ.’

ಕಂಡಕ್ಟರು ಕೌಂಟರಿನ ಮೇಲಿದ್ದ ಲಕೋಟೆಯನ್ನು ತಮ್ಮ ಕಡೆ ಎಳೆದುಕೊಂಡರು.

‘ಅಪ್ಪ ವರ್ಷಕ್ಕೆ ಒಂದ್ಸಲ ಬರ್ತಿದ್ರು. ಆಚೆ ಫುಟ್‌ಪಾತ್ ಮೇಲೆ ನಿಂತು ಅಂಗಡಿ ನೋಡ್ಕೊಂಡು ಹೋಗ್ತಿದ್ರು. ನಾನು ಒಳಗೆ ಕರೀಲಿಲ್ಲ. ಸತ್ತಾಗ್ಲೂ ಹೋಗ್ಲಿಲ್ಲ. ಅಂಥವನಿಗೆ ಇಷ್ಟೇ ಸರಿ ಅಂದ್ಕೊಂಡು ನೆಮ್ಮದಿಯಾಗಿದ್ದೆ.’

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಕಂಡಕ್ಟರಿಗೆ ಎಷ್ಟೋ ಒಳ್ಳೆಯದಾಗುತ್ತಿತ್ತು.

‘ನಿಮಗೆ ಈಗ ಹಗುರ ಆಯ್ತಾ?’ ಎಂದು ಕೇಳಿದಳು.

ಈ ಒಂದು ಸಲವಾದರೂ ಅವಳಿಗೆ ಸುಳ್ಳು ಹೇಳಬಾರದೆಂದು ಅವರು ಹೌದು ಎಂಬಂತೆ ತಲೆಯಾಡಿಸಿದರು.

‘ನೀವು ಬರ್ದೇ ಇದ್ದಿದ್ರೆ ಚೆನ್ನಾಗಿತ್ತು ಮಾವ’ ಎಂದಳು. ಬೀದಿಯ ಆಚೆ ಬದಿಯ ಫುಟ್‌ಪಾತನ್ನು ನೋಡುತ್ತ ನಿಂತಳು. ಇನ್ನೊಬ್ಬ ಗಿರಾಕಿ ಬಂದು ಚೀಟಿ ಚಾಚಿ, ಎರಡು ಸಲ ಅಕ್ಕಾ ಎಂದು ಕರೆದ. ಅವಳಿಗೆ ಕೇಳಿಸಲಿಲ್ಲ.