ಬ್ರಿಡ್ಜ್‌ನಲ್ಲೇ ನಡೆಯಬೇಕೆಂಬ ಹಟ

ಕಳೆದ ಭಾನುವಾರ ನನ್ನ ಅಕ್ಕನ ಮಗಳ ಪರೀಕ್ಷೆ ಹಾಳಾಯಿತು. ಹಾಳು ಮಾಡಿದವನು ನಾನೇ. ಅದೂ ಸಹಾಯ ಮಾಡಲು ಹೋಗಿ!

ಹುಡುಗಿಯ ಹೆಸರು ಶ್ರಾವ್ಯಾ. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ (ನಿಮ್ಮ ಮನೆಯಲ್ಲೂ ಇದೇ ಕಥೆಯಲ್ಲವೇ?). ಠಾಣೆಯ ಒಂದು ಇನ್‌ಸ್ಟಿಟ್ಯೂಟ್‌ನಲ್ಲಿ ಸರ್ವರ್ ಕೋರ್ಸ್ ಮಾಡುತ್ತಿದ್ದಳು. ಭಾನುವಾರ ಅದರ ಕೊನೆಯ ಪ್ರಾಕ್ಟಿಕಲ್. ಮನೆಯಿಂದಲೇ ಆನ್‌ಲೈನ್ ಮಾಡಬಹುದು, ಆದರೆ ಮಧ್ಯಾಹ್ನದೊಳಗೆ ಮುಗಿಸಿ ಕಳಿಸಬೇಕು. ಪಾಸಾದವರನ್ನು ಮಾತ್ರ ಮಹಾಪೆಯ ಒಂದು ಕಂಪನಿಯ ಇಂಟರ್‌ವ್ಯೂಗೆ ಕರೆಯುತ್ತಾರೆ. ಆ ಕೆಲಸದ ಮೇಲೆ ಅವಳು ಎಷ್ಟು ಆಸೆ ಇಟ್ಟುಕೊಂಡಿದ್ದಳೆಂದರೆ, ಡೊಂಬಿವಲಿಯಿಂದ ಯಾವ ಲೋಕಲ್ ರೈಲು ಹಿಡಿಯಬೇಕು ಎನ್ನುವುದನ್ನೂ ನೋಡಿ ಇಟ್ಟಿದ್ದಳು.

ಅಷ್ಟರಲ್ಲಿ ಅವರ ಬಿಲ್ಡಿಂಗಿನ ಎದುರು ರಸ್ತೆ ಅಗೆಯುವಾಗ ಇಂಟರ್‌ನೆಟ್ ಕೇಬಲ್ ಕಡಿದುಹೋಯಿತು. ಅಕ್ಕ ಫೋನ್ ಮಾಡಿದಳು.

"ಇವಳನ್ನು ನಿನ್ನಲ್ಲಿಗೆ ಕಳಿಸ್ತೇನೆ, ಆಯ್ತಾ? ನೆಟ್‌ವರ್ಕ್ ಗೊತ್ತಿದ್ದವ ನೀನೇ ಎದುರು ಕೂತ್ರೆ ಅವಳಿಗೂ ಧೈರ್ಯ."

ನನ್ನ ಎದೆ ಉಬ್ಬಿತು. ಐರೋಲಿಯ ಆಫೀಸಿನಲ್ಲಿ ನನ್ನ ಕೆಲಸವೇ ಅದು. ಯಾರದೋ ನೆಟ್ ನಿಂತರೆ ಯಾಕೆ ನಿಂತಿತೆಂದು ಹುಡುಕುವುದು. ಶ್ರಾವ್ಯಾ ಠಾಣೆಯಲ್ಲಿ ಗಾಡಿ ಬದಲಿಸಿ, ಮಾನಸರೋವರ ಸ್ಟೇಷನ್‌ನಲ್ಲಿ ಇಳಿದು, ಭಾನುವಾರ ಬೆಳಿಗ್ಗೆಯೇ ಕಾಮೋಠೆಯ ನಮ್ಮ ಮನೆಗೆ ಬಂದಳು. ರೌಟರಿನಿಂದ ಅವಳ ಲ್ಯಾಪ್‌ಟಾಪಿಗೆ ನಾನೇ ಕೇಬಲ್ ಎಳೆದು ಕೊಟ್ಟೆ.

ಪರೀಕ್ಷೆ ನಡೆಯುವುದು ವರ್ಚುವಲ್ ಮಷಿನ್‌ನಲ್ಲಿ. ಅಂದರೆ ಲ್ಯಾಪ್‌ಟಾಪಿನ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್. ಅದಕ್ಕೆ ಕೈಕಾಲಿಲ್ಲ, ಪೆಟ್ಟಿಗೆಯಿಲ್ಲ, ಆದರೆ ನೆಟ್ ಮಾತ್ರ ಬೇಕೇ ಬೇಕು. ಲ್ಯಾಪ್‌ಟಾಪಿನಲ್ಲಿ ನೆಟ್ ಚೆನ್ನಾಗಿ ಬರುತ್ತಿತ್ತು. ಒಳಗಿನ ಮಷಿನ್‌ನಲ್ಲಿ ಸುತರಾಂ ಇಲ್ಲ!

"ಮಾಮಾ, ನ್ಯಾಟ್ ಪೇ ಡಾಲ್ ದೂಂ ಕ್ಯಾ? ಸರ್ ನೇ ಬೋಲಾ ಥಾ, ದೋನೋ ಚಲೇಗಾ" ಎಂದಳು ಶ್ರಾವ್ಯಾ. ನ್ಯಾಟ್‌ಗೆ ಹಾಕಿದರೂ ನಡೆಯುತ್ತದೆ ಎಂದಿದ್ದರಂತೆ ಅವಳ ಸರ್.

ಒಳಗಿನ ಮಷಿನ್‌ಗೆ ನೆಟ್ ಕೊಡಲು ಮುಖ್ಯವಾಗಿ ಎರಡು ದಾರಿ. ಒಂದು ಬ್ರಿಡ್ಜ್. ಅದರಲ್ಲಿ ಮಷಿನ್ ತಾನೇ ಮನೆಯ ರೌಟರ್‌ನ ಬಳಿ ಹೋಗಿ ತನಗೊಂದು ವಿಳಾಸ ಕೇಳುತ್ತದೆ. ಇನ್ನೊಂದು ನ್ಯಾಟ್. ಅದರಲ್ಲಿ ಲ್ಯಾಪ್‌ಟಾಪಿನ ಹೆಸರಿನಲ್ಲೇ ಹೊರಗೆ ಹೋಗಿ ಬರುತ್ತದೆ. ಬ್ರಿಡ್ಜ್ ಬಿಟ್ಟು ನ್ಯಾಟ್‌ಗೆ ಹಾಕುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಹುಡುಗಿ ಸರಿಯಾಗಿಯೇ ಹೇಳಿದ್ದಳು.

ನಾನು ಏನೆಂದೆ ಗೊತ್ತೇ?

"ಬೇಡ. ಬ್ರಿಡ್ಜ್ ಯಾಕೆ ನಡೀತಾ ಇಲ್ಲ ಅಂತ ಗೊತ್ತಾಗ್ಬೇಕಲ್ಲ? ನಾಳೆ ಇಂಟರ್‌ವ್ಯೂನಲ್ಲಿ ಕೇಳಿದ್ರೆ ಏನು ಹೇಳ್ತಿ? ಏಳು, ನಾನು ನೋಡ್ತೇನೆ."

ಅವಳು ಎದ್ದಳು. ಆ ಕುರ್ಚಿಯಲ್ಲಿ ನಾನು ಕುಳಿತೆ. ಅಯ್ಯೋ, ಯಾಕಾದರೂ ಕುಳಿತೆನೋ!

ರೀಸ್ಟಾರ್ಟ್ ಮಾಡಿದೆ. ಫೈರ್‌ವಾಲ್ ಆಫ್ ಮಾಡಿದೆ. ವಿಳಾಸವನ್ನು ಕೈಯಾರೆ ಟೈಪ್ ಮಾಡಿದೆ. ಅಡಾಪ್ಟರ್ ತೆಗೆದು ಮತ್ತೆ ಹಾಕಿದೆ. ಏನೂ ಇಲ್ಲ. ಆಮೇಲೆ ನಮ್ಮ ವೃತ್ತಿಯವರೆಲ್ಲ ಕೇಳುವ ಆ ದರಿದ್ರ ಪ್ರಶ್ನೆ ಕೇಳಿದೆ. "ನೀನು ಏನಾದ್ರೂ ಮುಟ್ಟಿದ್ಯಾ?"

"ಕುಛ್ ನಹೀ ಕಿಯಾ ಮಾಮಾ."

ಅಡುಗೆಮನೆಯಿಂದ ನನ್ನ ಹೆಂಡತಿ ಸುನಂದಾ ಇಣುಕಿದಳು. "ಅವಳು ಏನೋ ಹೇಳ್ತಾ ಇದ್ದಾಳೆ, ಒಮ್ಮೆ ಕೇಳಿ ಮಾರಾಯ್ರೆ!"

"ನೀನು ಸ್ವಲ್ಪ ಸುಮ್ಮನಿರು ಮಾರಾಯ್ತಿ" ಎಂದೆ.

ಶ್ರಾವ್ಯಾ ಇನ್ನೊಮ್ಮೆ "ಮಾಮಾ, ಪ್ಲೀಸ್, ಅಭೀ ಕೇ ಲಿಯೇ..." ಎಂದಳು. ನಾನು ಪರದೆಯಿಂದ ಕಣ್ಣು ಕೀಳದೆ "ಇದೊಂದು ನೋಡ್ತೇನೆ ಮಗಾ" ಎಂದೆ. ಅದಾದ ಮೇಲೆ ಅವಳು ಕೇಳಲಿಲ್ಲ. ಮಾಮಾನಿಗೆ ಎದುರಾಡಬಾರದು ಎಂದು ಆ ಮಗುವಿಗೆ ಕಲಿಸಿದವರೂ ನಾವೇ ತಾನೆ?

ಆಫೀಸಿನಲ್ಲಿ ಹೊಸಬರಿಗೆ ನಾನು ದಿನಾ ಭಾಷಣ ಬಿಗಿಯುತ್ತೇನೆ. ಮೊದಲು ಜನರ ಕೆಲಸ ನಡೆಯುವಂತೆ ಮಾಡಿ, ಕಾರಣ ಆಮೇಲೆ ಹುಡುಕಿ ಎಂದು. ಸೊಸೈಟಿಯ ಲಿಫ್ಟ್‌ನಲ್ಲಿ ಯಾರಾದರೂ ಸಿಕ್ಕಿಬಿದ್ದರೆ ಮೊದಲು ಅವರನ್ನು ಹೊರಗೆ ತೆಗೆಯುತ್ತೇವಲ್ಲವೇ? ಮೋಟರ್ ಯಾಕೆ ನಿಂತಿತೆಂದು ಮೀಟಿಂಗ್ ಮಾಡುತ್ತೇವೆಯೇ? ಮನೆಯಲ್ಲಿ ನಾನು ಮಾಡಿದ್ದು ಮೀಟಿಂಗೇ. ನಿಜ ಹೇಳಬೇಕೆಂದರೆ, ಆ ಹೊತ್ತಿಗೆ ನನ್ನ ತಲೆಯಲ್ಲಿ ಅವಳ ಪರೀಕ್ಷೆಯೇ ಇರಲಿಲ್ಲ. ಗೆಲ್ಲಬೇಕಾಗಿತ್ತು, ಅಷ್ಟೇ.

ಕೊನೆಗೆ ರೌಟರಿನ ಸೆಟ್ಟಿಂಗ್ ತೆರೆದೆ. ತೆರೆದ ಕೂಡಲೇ ಗೊತ್ತಾಯಿತು. ನಮ್ಮ ಪಾಸ್‌ವರ್ಡ್ ಬಿಲ್ಡಿಂಗಿನ ಇಡೀ ವಿಂಗ್‌ಗೆ ಹಬ್ಬಿದೆಯೆಂದು ಸಿಟ್ಟುಗೊಂಡು, ಪರಿಚಯದ ಸಾಧನಗಳನ್ನು ಬಿಟ್ಟು ಬೇರೆ ಯಾರನ್ನೂ ಒಳಗೆ ಬಿಡದಂತೆ ನಾನೇ ಅದಕ್ಕೆ ಬೀಗ ಹಾಕಿದ್ದೆ. ಶ್ರಾವ್ಯಾಳ ಲ್ಯಾಪ್‌ಟಾಪ್ ದೀಪಾವಳಿಗೂ ಬಂದಿತ್ತು, ಹಾಗಾಗಿ ಅದಕ್ಕೆ ಅಡ್ಡಿಯಿಲ್ಲ. ಆದರೆ ಬ್ರಿಡ್ಜ್‌ನಲ್ಲಿ ಒಳಗಿನ ಮಷಿನ್ ತಾನು ಬೇರೆಯೇ ಸಾಧನ ಎಂದು ಹೇಳಿಕೊಂಡು ಹೋಗುತ್ತದೆ. ರೌಟರ್ ಅದರ ಮುಖ ನೋಡಿರಲಿಲ್ಲ, ಹೊರಗೇ ನಿಲ್ಲಿಸಿತ್ತು. ನ್ಯಾಟ್‌ಗೆ ಹಾಕಿದ್ದರೆ ಈ ತೊಂದರೆಯೇ ಬರುತ್ತಿರಲಿಲ್ಲ.

"ಸಿಕ್ತು!" ಎಂದು ಕೂಗಿದೆ. ಚಪ್ಪಾಳೆಯನ್ನೂ ತಟ್ಟಿದೆ (ನಾಚಿಕೆಯಾಗುತ್ತದೆ ಬರೆಯಲು).

ತಿರುಗಿ ನೋಡಿದರೆ ಶ್ರಾವ್ಯಾ ಕೈಯಲ್ಲಿ ಮೊಬೈಲ್ ಹಿಡಿದು ನಿಂತಿದ್ದಳು.

"ಬಂದ್ ಹೋ ಗಯಾ ಮಾಮಾ."

ಮಧ್ಯಾಹ್ನದ ಗಡುವು ಮುಗಿದು ಪರೀಕ್ಷೆಯ ಪುಟ ಮುಚ್ಚಿತ್ತು. ಇನ್‌ಸ್ಟಿಟ್ಯೂಟ್‌ಗೆ ಫೋನ್ ಮಾಡಿದೆ, ಮೇಲ್ ಹಾಕಿದೆ, ತಪ್ಪು ನನ್ನದೆಂದು ಗೋಗರೆದೆ. ಮರುದಿನ ಉತ್ತರ ಬಂತು. ನಿಯಮ ಎಲ್ಲರಿಗೂ ಒಂದೇ, ಇನ್ನು ಮುಂದಿನ ಬ್ಯಾಚ್‌ನ ಜೊತೆಗೆ. ಇಂಟರ್‌ವ್ಯೂ ಹೋಯಿತು.

ಭಾನುವಾರವೇ ಊಟದ ಹೊತ್ತಿಗೆ ಅಕ್ಕನ ಫೋನ್ ಬಂದಿತ್ತು, ಶ್ರಾವ್ಯಾಳ ಮೊಬೈಲ್‌ಗೆ. ಶ್ರಾವ್ಯಾ ನನ್ನ ಮುಖ ನೋಡಿದಳು, ಆಮೇಲೆ ತಟ್ಟೆ ನೋಡಿದಳು. "ನೆಟ್‌ವರ್ಕ್ ಕಾ ಪ್ರಾಬ್ಲಮ್ ಥಾ ಮಮ್ಮೀ. ಮಾಮಾ ನೇ ಬಹುತ್ ಟ್ರೈ ಕಿಯಾ" ಎಂದಳು. ಮಾಮಾ ತುಂಬಾ ಪ್ರಯತ್ನಿಸಿದರಂತೆ!

ಆ ಫೋನನ್ನು ಅವಳ ಕೈಯಿಂದ ತೆಗೆದುಕೊಂಡು ನಾನು ಮಾತಾಡಬೇಕಿತ್ತು. ಸುನಂದಾ ನನ್ನನ್ನೇ ನೋಡುತ್ತಿದ್ದಳು. ನಾನು ಸಾರು ಬಡಿಸಿಕೊಂಡೆ.

ಮರುದಿನ ಅಕ್ಕನೇ ನನಗೆ ಸಮಾಧಾನ ಹೇಳಿದಳು. "ನೀನಾದ್ರೂ ಏನು ಮಾಡ್ಲಿಕ್ಕಾಗ್ತದೆ? ಇವಳೇ ಮೊದಲು ಸರಿಯಾಗಿ ಚೆಕ್ ಮಾಡ್ಬೇಕಿತ್ತು. ನಿನ್ನೆ ಮನೆಗೆ ಬಂದವಳಿಗೆ ಚೆನ್ನಾಗಿ ಬೈದೆ." ನಾನು ಹೂಂ ಎಂದೆ. ಹೂಂ ಎಂದೆ ನೋಡಿ! ಒಂದು ವಾರದಿಂದ ಆ ಹೂಂ ನನ್ನನ್ನು ತಿನ್ನುತ್ತಿದೆ. ಫೋನ್ ಎತ್ತಿಕೊಳ್ಳುತ್ತೇನೆ, ಇಡುತ್ತೇನೆ.

ಅದಕ್ಕೇ ಇಲ್ಲಿ ಬರೆದೆ. ಅಕ್ಕ ಈ ಅಂಕಣವನ್ನು ಪ್ರತಿ ವಾರ ತಪ್ಪದೆ ಓದುತ್ತಾಳೆ.