ಫಟಫಟಿಗೆ ಕಾಸಿದ ಔಡಲೆಣ್ಣೆ

ಅತ್ತಿಗೆ ತೀರಿಹೋದ ಮೇಲೆ ನಮ್ಮ ತವರುಮನೆಯಲ್ಲಿ ಅವಳ ಮಾತು ಬರುವುದು ಕಡಿಮೆ. ಬಂದರೆ ಒಂದೇ ಮಾತು: ಎಣ್ಣೆಯಲ್ಲಿ ನೀರು ಉಳಿಸಿ ಗಂಡನನ್ನು ಕೊಂದವಳು. ಆ ಎಣ್ಣೆ ಕಾಯುವಾಗ ನಾನು ಒಲೆಯ ಮುಂದೆಯೇ ಕುಳಿತಿದ್ದೆ. ನಾನು ಓದಿದ್ದು ಕನ್ನಡ ನಾಲ್ಕನೆಯ ಇಯತ್ತೆಯವರೆಗೆ. ಅಷ್ಟರಲ್ಲಿ ಎಷ್ಟು ಬರೆಯಲು ಬರುತ್ತದೆಯೋ ಅಷ್ಟು ಬರೆದಿಡುತ್ತೇನೆ.

ಆಗ ಎರಡನೆಯ ಮಹಾಯುದ್ಧ ಮುಗಿದಿತ್ತು. ನಾನು ಚೊಚ್ಚಲ ಬಸುರಿ, ಗಂಗಾವತಿಯ ಗಂಡನ ಮನೆಯಿಂದ ಹೆರಿಗೆಗೆಂದು ಯಲಬುರ್ಗಾಕ್ಕೆ ಬಂದಿದ್ದೆ. ಅಪ್ಪ ಎಂದೋ ತೀರಿಕೊಂಡಿದ್ದ. ಎಣ್ಣೆಬೀಜದ ಅಂಗಡಿಯನ್ನು ಅಪ್ಪನ ತಮ್ಮ, ನಮ್ಮ ಕಾಕ, ನಡೆಸುತ್ತಿದ್ದ. ಮನೆಯೂ ಅವನ ಕೈಯಲ್ಲೇ ಇತ್ತು. ನನ್ನ ಅಣ್ಣ ಅಂಗಡಿಯ ಪರವಾಗಿ ಕುಷ್ಟಗಿ, ಕನಕಗಿರಿಯ ಸಂತೆಗಳಿಗೆ ತಿರುಗುತ್ತಿದ್ದ. ಬಳ್ಳಾರಿಯಲ್ಲಿ ದಂಡಿನವರು ಹರಾಜು ಹಾಕಿದ ಫಟಫಟಿಯೊಂದನ್ನು ಕಾಕ ಕೊಡಿಸಿದ್ದು ಆ ತಿರುಗಾಟಕ್ಕೆಂದೇ. ಮಣ್ಣಿನ ಬಣ್ಣದ ದೊಡ್ಡ ಮೋಟರ್‌ಸೈಕಲ್ಲು. ಅದು ಹಳ್ಳದ ಆಚೆ ಇರುವಾಗಲೇ ನಮ್ಮ ಓಣಿಯ ಎಮ್ಮೆಗಳು ಗೂಟ ಜಗ್ಗುತ್ತಿದ್ದವು.

ಹೊಳೆಯ ದಂಡೆಯಲ್ಲಿ ಡ್ಯಾಮಿನ ಕೆಲಸ ಶುರುವಾಗಿತ್ತು. ಅಲ್ಲಿಯ ಕ್ಯಾಂಪಿನ ಗುತ್ತೇದಾರರ ಮಕ್ಕಳೂ ಓವರ್‌ಸಿಯರ್‌ಗಳೂ ಸೇರಿ ಗಟ್ಟಿ ನೆಲದ ಮೈದಾನವೊಂದರಲ್ಲಿ ಸುಣ್ಣದ ಗೆರೆ ಎಳೆದು ಫಟಫಟಿಗಳ ರೇಸು ಇಟ್ಟರು. ಶನಿವಾರ ಓಡಿಸಿ ನೋಡುವುದು, ಭಾನುವಾರ ರೇಸು. ಕಸುಬಿನವರು ಯಾರೂ ಇಲ್ಲ, ಎಲ್ಲರೂ ಹವ್ಯಾಸದವರು. ಗೆದ್ದವನಿಗೆ ಒಂದು ಬೆಳ್ಳಿಯ ಲೋಟ. ಅಣ್ಣ ಹೋಗಿ ಹೆಸರು ಕೊಟ್ಟು ಬಂದ. ಬಂದ ದಿನದಿಂದ ಮನೆಯಲ್ಲಿ ಬೇರೆ ಮಾತಿಲ್ಲ.

ಗಾಡಿಯ ದೀಪ, ಚಕ್ರದ ಮೇಲಿನ ತಗಡು, ಹಿಂದಿನ ಸೀಟು, ಸ್ಟ್ಯಾಂಡು ಎಲ್ಲವನ್ನೂ ಬಿಚ್ಚಿ ಪಡಸಾಲೆಯ ಮೂಲೆಯಲ್ಲಿ ಒಟ್ಟಿದ. ಗಾಡಿ ಹಗುರಾಗಬೇಕು. ಹೊಗೆಕೊಳವೆಯನ್ನು ಕಮ್ಮಾರನ ಕುಲುಮೆಗೆ ಒಯ್ದು ಅರ್ಧಕ್ಕೆ ಕೊಯ್ಯಿಸಿದ. ಅದರ ಸದ್ದಿಗೆ ನನ್ನ ಹೊಟ್ಟೆಯಲ್ಲಿದ್ದ ಕೂಸು ಒದೆಯುತ್ತಿತ್ತು. ಎತ್ತಿನ ಕೊರಳಪಟ್ಟಿಯ ತೊಗಲಿನಿಂದ ಮೊಣಕಾಲಿಗೂ ಮೊಣಕೈಗೂ ಪಟ್ಟಿ ಹೊಲಿಸಿಕೊಂಡ. ಗಾಡಿಯ ಜೊತೆಗೆ ತಾನೂ ಹಗುರಾಗಬೇಕೆಂದು ಅಂಗಡಿಯ ತಕ್ಕಡಿಯಲ್ಲಿ ಕುಳಿತು ತೂಗಿಸಿಕೊಳ್ಳುತ್ತಿದ್ದ. ರಾತ್ರಿ ಉಣ್ಣುತ್ತಿರಲಿಲ್ಲ. ಗಂಡ ಉಣ್ಣದೆ ಹೆಂಡತಿ ಹೇಗೆ ಉಣ್ಣುತ್ತಾಳೆಂದು ಅವ್ವ ಅತ್ತಿಗೆಯ ಮುಂದಿನ ರೊಟ್ಟಿಬುಟ್ಟಿಯನ್ನು ಎತ್ತಿಡುತ್ತಿದ್ದಳು. ಅಣ್ಣನಿಗೆ ಇದು ಗೊತ್ತಿತ್ತು. ಆಕೆಯೂ ಹಗುರಾಗುತ್ತಾಳೆ, ಮುಂದಿನ ಸಲ ಆಕೆಯನ್ನೂ ಗಾಡಿಗೆ ಕಟ್ಟುತ್ತೇನೆ ಎಂದು ನಗುತ್ತಿದ್ದ.

ಅತ್ತಿಗೆ ಎದುರು ಮಾತಾಡುವವಳಲ್ಲ. ಅವಳ ತವರೆಂದರೆ ಇಲ್ಲೇ ಯಲಬುರ್ಗಾದ ಹತ್ತಿರ ಮಂಗಳೂರೆಂಬ ಹಳ್ಳಿಯಲ್ಲಿ ಒಬ್ಬ ತಮ್ಮ. ಅವನ ಹೆಂಡತಿ ಇವಳಿಗೆ ಒಂದು ರಾತ್ರಿಯ ಜಾಗವನ್ನೂ ಕೊಡುತ್ತಿರಲಿಲ್ಲ. ಮಕ್ಕಳಾಗಿರಲಿಲ್ಲ. ನಮ್ಮ ಮನೆಯಲ್ಲಿ ಅವಳಿಗೆ ಒಂದು ಮೂಲೆ ಇದ್ದದ್ದು ಅಣ್ಣನ ಹೆಂಡತಿ ಎಂಬ ಕಾರಣಕ್ಕೆ ಮಾತ್ರ. ಅದು ಅವಳಿಗೂ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು.

ಪೆಟ್ರೋಲು ಸಿಗುವುದೇ ಕಷ್ಟವಾಗಿದ್ದ ಕಾಲ. ಬಸ್ಸುಗಳೂ ಇದ್ದಲಿನ ಹೊಗೆಯಲ್ಲಿ ಓಡುತ್ತಿದ್ದವು. ಅಣ್ಣ ಎಲ್ಲಿಂದಲೋ ಒಂದು ಡಬ್ಬಿ ತಂದ. ಅದರಲ್ಲಿ ನೀರು ಸೇರಿರುತ್ತದೆ, ರೇಷ್ಮೆಯಲ್ಲಿ ಸೋಸಿದರೆ ನೀರು ಬಟ್ಟೆಯ ಮೇಲೆಯೇ ನಿಲ್ಲುತ್ತದೆ ಎಂದು ಯಾರೋ ಹೇಳಿದ್ದರು. ಮನೆಯಲ್ಲಿ ರೇಷ್ಮೆ ಇದ್ದದ್ದು ಅತ್ತಿಗೆಯ ಟ್ರಂಕಿನಲ್ಲಿ, ಇಳಕಲ್ ಸೀರೆಯ ಸೆರಗು.

"ಅದು ಮದವಿ ಸೀರಿರಿ" ಎಂದಳು ಅತ್ತಿಗೆ.

"ಮದವಿ ಆಗಿ ಹೋತಲ್ಲ. ಇನ್ನೇನ ಮಾಡತಿ ಅದನ್ನ?" ಎಂದ ಅಣ್ಣ.

ಕಾಕ ಎಲೆ ಅಡಿಕೆ ಉಗುಳಿ ಬಂದು ನಕ್ಕ. ಅತ್ತಿಗೆ ತಾನೇ ಕತ್ತರಿ ತಂದು, ಒಂದು ಎಳೆ ಎಳೆದು ಗೆರೆ ನೋಡಿಕೊಂಡು, ಸೊಟ್ಟಾಗದಂತೆ ಸೆರಗು ಕತ್ತರಿಸಿ ಕೊಟ್ಟಳು. ಉಳಿದ ಸೀರೆಯನ್ನು ಮಡಿಚಿ ಮತ್ತೆ ಟ್ರಂಕಿನಲ್ಲಿಟ್ಟಳು.

ಆಮೇಲೆ ಎಣ್ಣೆಯ ಮಾತು ಬಂತು. ರೇಸಿನ ಗಾಡಿಯ ಎಂಜಿನ್ನಿಗೆ ಅಂಗಡಿಯಲ್ಲಿ ಸಿಗುವ ಡಬ್ಬಿಯ ಎಣ್ಣೆ ಸಾಲುವುದಿಲ್ಲ, ವಿಲಾಯತಿಯಲ್ಲಿ ಔಡಲೆಣ್ಣೆಯನ್ನೇ, ಅಂದರೆ ಹರಳೆಣ್ಣೆಯನ್ನೇ, ಹಾಕುತ್ತಾರೆ, ಎಂಜಿನ್ ಎಷ್ಟು ಕಾದರೂ ಅದು ತೆಳ್ಳಗಾಗುವುದಿಲ್ಲ ಎಂದು ಅಣ್ಣ ಕ್ಯಾಂಪಿನಲ್ಲಿ ಕೇಳಿಕೊಂಡು ಬಂದಿದ್ದ. ನನ್ನ ಬಾಣಂತನಕ್ಕೆಂದು ಅತ್ತಿಗೆ ಆಗಲೇ ಔಡಲ ಬೀಜ ಹುರಿಯತೊಡಗಿದ್ದಳು. ಕೂಸಿನ ನೆತ್ತಿಗೆ, ಹೊಟ್ಟೆಗೆ, ನನ್ನ ಮೈಗೆ ಬೇಕಾಗುವ ಎಣ್ಣೆ. ಅದನ್ನೇ ಕೊಡು ಎಂದ. ನನ್ನ ಕಡೆ ನೋಡಿ, ನಿನ್ನ ಕೂಸು ಎಂದು ಬರುತ್ತದೋ ಏನೋ, ರೇಸು ಮಾತ್ರ ಐತವಾರವೇ ಎಂದ.

ಔಡಲೆಣ್ಣೆ ತೆಗೆಯುವುದು ಮೈಮುರಿಯುವ ಕೆಲಸ. ಬೀಜ ಹುರಿದು, ಒರಳಿನಲ್ಲಿ ಕುಟ್ಟಿ, ದೊಡ್ಡ ಹಂಡೆಯ ನೀರಿಗೆ ಹಾಕಿ ಕುದಿಸಬೇಕು. ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ಬಳಿದು ತೆಗೆದು, ಬೇರೆ ಪಾತ್ರೆಯಲ್ಲಿ ಮತ್ತೆ ಕಾಸಬೇಕು. ಅದರಲ್ಲಿ ಉಳಿದ ನೀರು ಹೋಗುವವರೆಗೆ ಅದು ಮಾತಾಡುತ್ತಲೇ ಇರುತ್ತದೆ. ನೀರು ಇಂಗಿದ ಮೇಲೆ ಸುಮ್ಮನಾಗುತ್ತದೆ. ಸುಮ್ಮನಾಯಿತೋ ಇಲ್ಲವೋ ನೋಡಲು ಒಂದು ಬತ್ತಿಯನ್ನು ಅದ್ದಿ ಹಚ್ಚುತ್ತಾರೆ. ನೀರಿದ್ದರೆ ಬತ್ತಿ ಚಿಟಿಚಿಟಿ ಎನ್ನುತ್ತದೆ. ನಮ್ಮ ಕಡೆಯ ಹೆಂಗಸರಿಗೆಲ್ಲ ಗೊತ್ತಿರುವ ಪರೀಕ್ಷೆ ಇದು.

ಮೊದಲ ಸಲ ಬತ್ತಿ ಸುಮ್ಮನೆ ಉರಿಯಿತು. ಆದರೂ ಅಣ್ಣ ಇನ್ನೊಮ್ಮೆ ಕಾಸು ಎಂದ. ಕಾಸಿದಳು. ಮತ್ತೂ ಒಮ್ಮೆ ಎಂದ. ಹೊಗೆಯಿಂದ ಅವಳ ಕಣ್ಣು ಮೆಣಸಿನಕಾಯಿಯಂತಾಗಿದ್ದವು, ಎಣ್ಣೆ ಸಿಡಿದು ಮುಂಗೈಯಲ್ಲಿ ಬೊಕ್ಕೆ ಎದ್ದಿದ್ದವು.

"ಒಂದ ಹನಿ ನೀರ ಉಳದಿತ್ತಂದ್ರ ನಿನ್ನ ಇದರಾಗ ಕಾಸ್ತೀನಿ ನೋಡು" ಎಂದ ಅಣ್ಣ. ನಗುತ್ತಲೇ ಹೇಳಿದ. ಕೊನೆಗೆ ಬತ್ತಿಯ ಹತ್ತಿರ ಕಿವಿ ಇಟ್ಟು ಕೇಳಿ, ಛಲೋ ಐತಿ ಎಂದ. ಹೇಳಿದ್ದು ನನಗೆ, ಅವಳಿಗಲ್ಲ.

ಶುಕ್ರವಾರ ಬೆಳಿಗ್ಗೆ ಅಂಗಳದಲ್ಲಿ ಗಾಡಿಯ ಹಳೆಯ ಎಣ್ಣೆ ಇಳಿಸಿದ. ಕರಿ ಎಣ್ಣೆ ಹರಿದು ತುಳಸಿಕಟ್ಟೆಯವರೆಗೆ ಬಂತು. ಸೀಮೆಎಣ್ಣೆ ಹಾಕಿ ಒಳಗೆಲ್ಲ ತೊಳೆದ. ಕಾಕ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಇಷ್ಟು ಯಾಕೆ ತೊಳೆಯುತ್ತೀ, ಸ್ವಲ್ಪ ಉಳಿದರೇನು ಎಂದ. ಅಣ್ಣ ಕೈ ಒರೆಸಿಕೊಂಡು, ಮನೆಯವರೆಲ್ಲ ಕೇಳುವಂತೆ ಹೇಳಿದ:

"ಡಬ್ಬಿ ಎಣ್ಣಿ, ಔಡಲೆಣ್ಣಿ ಎರಡೂ ಕೂಡಬಾರದು, ಕಾಕಾ. ಕೂಡಿದ್ರ ಹಾಲು ಒಡದಂಗ ಗಂಟಾಗ್ತಾವ. ಎಂಜಿನ್ ಗಪ್ಪನ ಹಿಡಕೊಂತೈತಿ."

"ಗೊತ್ತೈತೇಳಪಾ. ಎಣ್ಣಿ ವ್ಯಾಪಾರದಾಗ ನನ್ನ ತಲಿ ಹಣ್ಣಾಗೈತಿ, ನೀ ನನಗ ಹೇಳಾಕ ಬಂದಿ" ಎಂದ ಕಾಕ.

ನಾನು ಹೊಸ್ತಿಲಲ್ಲಿ ಕುಳಿತಿದ್ದೆ. ಅವ್ವ ಜೋಳ ಹಸನು ಮಾಡುತ್ತಿದ್ದಳು. ಅತ್ತಿಗೆ ಎಣ್ಣೆಯ ಗಡಿಗೆ ಹಿಡಿದು ನಿಂತಿದ್ದಳು. ನಾವೆಲ್ಲರೂ ಕೇಳಿದೆವು.

ಗಾಡಿಗೆ ಬೇಕಾದಷ್ಟು ಎಣ್ಣೆ ತುಂಬಿಸಿ, ಒಂದು ಸೀಸೆಯಲ್ಲಿ ಸ್ವಲ್ಪ ಬೇರೆ ಕೊಟ್ಟಳು. ಉಳಿದದ್ದನ್ನು ಗಡಿಗೆಯಲ್ಲೇ ನನ್ನ ಬಾಣಂತನಕ್ಕೆ ಮುಚ್ಚಿಟ್ಟಳು. ಗಿಣಿಗೇರಾ ಸ್ಟೇಷನ್ನಿಗೆ ಶೇಂಗಾ ಒಯ್ಯುವ ಲಾರಿಯ ಮೇಲೆ ಫಟಫಟಿಯನ್ನು ಮಲಗಿಸಿ ಕಟ್ಟಿದರು. ಅಣ್ಣನೂ ಕಾಕನೂ ಚೀಲಗಳ ಮೇಲೆ ಹತ್ತಿ ಕುಳಿತರು. ಅತ್ತಿಗೆ ಬಾಗಿಲವರೆಗೆ ಬಂದಳು. ಅಣ್ಣ ಗಾಡಿಯ ಹಗ್ಗ ಸಡಿಲಾಗಿದೆಯೇ ಎಂದು ನೋಡುತ್ತಿದ್ದ, ಈ ಕಡೆ ತಿರುಗಲಿಲ್ಲ.

ಭಾನುವಾರ ಸಂಜೆ ಅದೇ ಲಾರಿ ಅವನನ್ನು ತಂದಿತು. ಕಂಬಳಿಯಲ್ಲಿ ಸುತ್ತಿದ್ದರು. ಓಣಿಯೆಲ್ಲ ಪಡಸಾಲೆಯಲ್ಲಿ ತುಂಬಿತು. ಹೇಗಾಯಿತು ಎಂದು ಹಿರಿಯರು ಕೇಳಿದರು. ಕಾಕ ಅಳುತ್ತಾ ಹೇಳತೊಡಗಿದ. ಅಣ್ಣ ಎರಡನೆಯವನಾಗಿ ಬರುತ್ತಿದ್ದನಂತೆ. ತಿರುವಿನಲ್ಲಿ ಹಿಂದಿನ ಚಕ್ರ ಒಮ್ಮೆಲೇ ನಿಂತುಬಿಟ್ಟಿತಂತೆ. ಅವನು ಗಾಡಿಯ ಮೇಲಿಂದ ಹಾರಿ ಕಲ್ಲುಗಳ ಮೇಲೆ ಬಿದ್ದನಂತೆ. ತಾನು ಅವನಿಗಾಗಿ ಏನೇನು ಮಾಡಿದೆನೆಂದು ಹೇಳುತ್ತಾ ಹೋದ:

"ಮುಂಜಾನಿ ನೋಡಿದ್ರ ಎಣ್ಣಿ ಕಮ್ಮಿ ಆಗಿತ್ತು. ಅಂವಾ ಚಾ ಕುಡ್ಯಾಕ ಹೋಗಿದ್ದ. ಸೀಸೆ ಎಲ್ಲಿಟ್ಟಾನೋ ಸಿಗಲಿಲ್ಲ. ನಾನ ಓಡಿ ಹೋಗಿ ಅಲ್ಲೀ ಮಂದೀ ಕಡಿಂದ ಡಬ್ಬಿ ಎಣ್ಣಿ ತಂದು ತುಂಬಸಿದೆ. ಅಂವಗ ಸುದ್ದಾ ಹೇಳಲಿಲ್ಲ, ಸುಮ್ನ ಯಾಕ..."

ಅಲ್ಲಿಗೆ ನಿಂತ. ತನ್ನ ಮಾತು ತನಗೇ ಕೇಳಿಸಿತು. ಅವ್ವ ತಲೆ ಎತ್ತಿ ಅವನನ್ನು ನೋಡಿದಳು. ನಾನೂ ನೋಡಿದೆ. ಅವನು ನಮ್ಮಿಬ್ಬರನ್ನೂ ಬಿಟ್ಟು ಅಡುಗೆಮನೆಯ ಬಾಗಿಲಿನ ಕಡೆ ನೋಡಿದ. ಅಲ್ಲಿ ಅತ್ತಿಗೆ ಗೋಡೆಗೆ ಒರಗಿದ್ದಳು.

"ಮನಿ ಎಣ್ಣ್ಯಾಗ ನೀರಿತ್ತು" ಎಂದ. ಮತ್ತೆ ಜೋರಾಗಿ ಎಂದ. "ಆಕಿ ಕಾಸಿದ ಎಣ್ಣ್ಯಾಗ ನೀರಿತ್ತು."

ಅವ್ವ ಎದ್ದು ಹೋಗಿ ಅತ್ತಿಗೆಯ ಬಾಯಿಯ ಮೇಲೆ ಹೊಡೆದಳು. ಬಳೆ ಒಡೆಯುವುದಕ್ಕೆ ಮೊದಲು ಬಿದ್ದ ಪೆಟ್ಟು ಅದು. ಯಾರೂ ಬಿಡಿಸಲಿಲ್ಲ. ಬಿಡಿಸಲು ಎದ್ದ ನನ್ನನ್ನು ಇಬ್ಬರು ಹೆಂಗಸರು, ಬಸುರಿ ಇಂಥದನ್ನು ನೋಡಬಾರದೆಂದು, ಹಿತ್ತಲಿಗೆ ಎಳೆದೊಯ್ದರು.

ಮಣ್ಣು ಮಾಡಿ ಬಂದ ಮೇಲೆ ಅಣ್ಣನನ್ನು ಮಲಗಿಸಿದ್ದ ಜಾಗದಲ್ಲಿ ದೀಪ ಇಡಬೇಕಾಗಿತ್ತು. ಅವ್ವ ಅತ್ತಿಗೆಯನ್ನು ಕರೆದಳು. ಉಳಿದ ಎಣ್ಣೆಯಲ್ಲೇ ಹಚ್ಚು, ಅದು ಚಿಟಿಚಿಟಿ ಎನ್ನುವುದನ್ನು ನಾಲ್ಕು ಜನ ಕೇಳಲಿ ಎಂದಳು. ಪಡಸಾಲೆಯಲ್ಲಿ ಮಂದಿ ಕುಳಿತಿದ್ದರು. ಅತ್ತಿಗೆ ಬೋಳು ಕೈಯಲ್ಲಿ ಗಡಿಗೆ ತಂದಳು. ಪಣತಿಗೆ ಎಣ್ಣೆ ಬಿಟ್ಟು, ಬತ್ತಿ ಹೊಸೆದು, ಹಚ್ಚಿದಳು. ಎಲ್ಲರೂ ಕಿವಿಗೊಟ್ಟರು. ಒಬ್ಬ ಮುದುಕ ಕೆಮ್ಮು ಬಂದದ್ದನ್ನು ನುಂಗಿಕೊಂಡ.

ದೀಪ ಉರಿಯಿತು. ಒಂದು ಚಿಟಿ ಎನ್ನಲಿಲ್ಲ. ಎಣ್ಣೆ ತೀರುತ್ತಾ ಬಂದಾಗ ಅತ್ತಿಗೆ ಮತ್ತೆ ಬಿಟ್ಟಳು. ಮರುದಿನವೂ, ಅದರ ಮರುದಿನವೂ ಅದು ಹಾಗೆಯೇ ಉರಿಯಿತು. ಅತ್ತಿಗೆ ಅದರ ಪಕ್ಕ ಕುಳಿತು ಬಂದವರ ಮುಖ ನೋಡುತ್ತಿದ್ದಳು. ಯಾರಾದರೂ ಒಬ್ಬರು ಹೇಳುತ್ತಾರೆಂದು ಕಾದಿದ್ದಳು. ಅವರು ದೀಪಕ್ಕೆ ಕೈಮುಗಿದು, ಕಾಕನಿಗೆ ಸಮಾಧಾನ ಹೇಳಿ ಹೋಗುತ್ತಿದ್ದರು.

ಕೊನೆಗೆ ನಾನೇ ಹೇಳಿದೆ. "ದೀಪ ಸುಮ್ನ ಉರಿತೈತಿ ನೋಡವ್ವಾ. ಎಣ್ಣ್ಯಾಗ ನೀರಿಲ್ಲ."

ಅವ್ವ ದೀಪವನ್ನು ನೋಡಲಿಲ್ಲ. "ದೀಪ ಸುಮ್ನ ಉರದ್ರ ನನ್ನ ಮಗ ಎದ್ದ ಬರ್ತಾನೇನು?" ಎಂದಳು. ದನಿ ತಗ್ಗಿಸಿ, "ನಿನಗ ಗಂಡನ ಮನಿ ಐತಿ. ನಾ ಇಲ್ಲೇ ಉಣ್ಣಾಕಿ" ಎಂದಳು.

ಅಷ್ಟೇ ಲೆಕ್ಕ. ತಪ್ಪು ಕಾಕನದಾದರೆ ಅವ್ವ ಅವನ ಮನೆಯಲ್ಲಿ ಹೇಗೆ ಉಣ್ಣಬೇಕು? ಅತ್ತಿಗೆಯದಾದರೆ ಯಾರಿಗೂ ಏನೂ ಕಡಿಮೆಯಾಗುವುದಿಲ್ಲ. ಅತ್ತಿಗೆ ಈ ಮಾತನ್ನು ಕೇಳಿಸಿಕೊಂಡಳು. ಬತ್ತಿಯನ್ನು ಸ್ವಲ್ಪ ಮುಂದೆ ಸರಿಸಿದಳು.

ಹದಿನೈದು ದಿನದೊಳಗೆ ನನಗೆ ಹೆಣ್ಣುಕೂಸು ಹುಟ್ಟಿತು. ಅದರ ನೆತ್ತಿಗೆ ಬಿದ್ದದ್ದೂ, ಅದರ ಬಾಯಿಗೆ ಬಿದ್ದ ಮೊದಲ ಹನಿಯೂ ಆ ಗಡಿಗೆಯ ಎಣ್ಣೆಯೇ. ಅದನ್ನು ಬಿಟ್ಟವಳು ಅವ್ವ. ಬಿಡುವಾಗ ಅವಳು ಹಿಂದುಮುಂದು ನೋಡಲಿಲ್ಲ.

ಅತ್ತಿಗೆ ಅಲ್ಲೇ ಉಳಿದಳು. ಎಲ್ಲಿಗೆ ಹೋಗುತ್ತಾಳೆ? ಬೆಳಿಗ್ಗೆ ಅವಳ ಮುಖ ಎದುರಾದರೆ ಕಾಕ ಮತ್ತೆ ಒಳಗೆ ಹೋಗಿ ಸ್ವಲ್ಪ ಹೊತ್ತು ಕುಳಿತು ಹೊರಡುತ್ತಿದ್ದ. ರಜಾಕಾರರ ಹಾವಳಿಗೆ ಹೆದರಿ ಮನೆಯವರೆಲ್ಲ ಹೊಳೆ ದಾಟಿ ಆಚೆಯ ಸೀಮೆಗೆ ಹೋದಾಗ, ಊರಲ್ಲಿ ಮನೆ ಕಾಯಲು ಅವಳೊಬ್ಬಳನ್ನೇ ಬಿಟ್ಟು ಹೋದರು. ಆಕೆಗೆ ಇನ್ನೇನು ಆಗಬೇಕಾಗಿದೆ ಎಂದು ಅವ್ವ ನನ್ನ ಮುಂದೆಯೇ ಹೇಳಿದಳು. ಅವರು ತಿರುಗಿ ಬಂದಾಗ ಅಂಗಳ ಸಾರಿಸಿತ್ತು.

ಆಮೇಲೆ ಕಾಕನ ಮಗನಿಗೆ ಮದುವೆಯಾಗಿ, ಸೊಸೆಗೆ ದಿನ ತುಂಬಿದವು. ಅವಳಿಗೆ ತಾಯಿ ಇಲ್ಲದ್ದರಿಂದ ಹೆರಿಗೆ ನಮ್ಮಲ್ಲೇ. ನಾನು ಆಗ ಅಲ್ಲಿದ್ದೆ. ಕಾಕ ಒಂದು ತಂಬಿಗೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದ. ಇಷ್ಟು ವರ್ಷಗಳಲ್ಲಿ ಅವಳೊಡನೆ ನೇರವಾಗಿ ಮಾತಾಡಿದ್ದು ಅದೇ ಮೊದಲು. ಒಂದಿಷ್ಟು ಔಡಲೆಣ್ಣೆ ಕೊಡು ಎಂದ.

ಅತ್ತಿಗೆ ಎಣ್ಣೆ ಬಿಟ್ಟಳು. ತಂಬಿಗೆಯನ್ನು ಕೊಡುವ ಮೊದಲು ಒಂದು ಬತ್ತಿಯನ್ನು ಅದರಲ್ಲಿ ಅದ್ದಿ, ಒಲೆಯಲ್ಲಿ ಹಚ್ಚಿ, ಅವನ ಮುಖದ ಮುಂದೆ ಹಿಡಿದಳು.

"ಕೇಳ್ಕೊಂಡ ಒಯ್ರಿ, ಮಾವಾರ."

ಬತ್ತಿ ಉರಿಯುತ್ತಾ ಬಂದು ಅವಳ ಬೆರಳು ಮುಟ್ಟಿತು. ಅವಳು ಬಿಡಲಿಲ್ಲ. ಬತ್ತಿ ಚಿಟಿ ಎನ್ನಲಿಲ್ಲ. ಸುಟ್ಟ ಚರ್ಮದ ವಾಸನೆ ನನಗೂ ಬಂತು. ಕಾಕ ಅದು ಆರುವವರೆಗೆ ನಿಂತಿದ್ದ. ಆಮೇಲೆ, ಭಾಳ ಶ್ಯಾಣ್ಯಾಕಿ ಆಗೀ ಎಂದು ತಂಬಿಗೆ ತೆಗೆದುಕೊಂಡು ಹೋದ.

ಅದಾಗಿ ಒಂದೆರಡು ತಿಂಗಳಲ್ಲೇ ಅವಳಿಗೆ ಜ್ವರ ಬಂತು. ನನಗೆ ಹೇಳಿಕಳಿಸಿದ್ದು ಜೀವ ಹೋದ ಮೇಲೆ. ಗಂಗಾವತಿಯಿಂದ ಬಂದು ತಲುಪಿದಾಗ ಸ್ನಾನ ಮಾಡಿಸಿ ಗೋಡೆಗೆ ಕೂಡಿಸಿದ್ದರು. ಉಡಿಸಲು ಟ್ರಂಕಿನಿಂದ ಇಳಕಲ್ ಸೀರೆ ತೆಗೆದರೆ ಸೆರಗಿಲ್ಲ. ನೆರೆಮನೆಯವಳೊಬ್ಬಳು ಇದೇನು ಎಂದು ಕೇಳಿದಳು. ಕಾಕನ ಸೊಸೆ ತೊಡೆಯ ಮೇಲಿನ ಕೂಸನ್ನು ತಟ್ಟುತ್ತಾ, ತನಗೆ ಈ ಮನೆಯಲ್ಲಿ ಕಲಿಸಿದ್ದನ್ನು ಮೆಲ್ಲಗೆ ಹೇಳಿದಳು: ಗಂಡ ಬಹಳ ಜೋಪಾನದವನಂತೆ, ನೀರು ಹೋಗಲೆಂದು ಪೆಟ್ರೋಲನ್ನು ಸಹ ರೇಷ್ಮೆಯಲ್ಲಿ ಸೋಸಿದ್ದನಂತೆ, ಇವಳು ಎಣ್ಣೆಯಲ್ಲಿ ನೀರು ಉಳಿಸಿ ಅವನನ್ನು ಕೊಂದಳಂತೆ.

ಕೂಸಿನ ನೆತ್ತಿಯ ಮೇಲೆ ಔಡಲೆಣ್ಣೆ ತುಂಬಾ ಹಾಕಿದ್ದರು. ಅದು ಹಣೆಗೆ ಇಳಿದು ಹುಬ್ಬಿನಲ್ಲಿ ನಿಂತಿತ್ತು.

"ಈ ಎಣ್ಣಿ ಯಾರ ಮಾಡಿದ್ದವಾ?" ಎಂದು ಕೇಳಿದೆ.

"ಇವರ ಮಾಡಿಟ್ಟಿದ್ರಿ, ಅತ್ತಿ. ಗಡಿಗಿ ತುಂಬ ಐತ್ರಿ ಇನ್ನಾ" ಎಂದು ಅತ್ತಿಗೆಯ ಹೆಣದ ಕಡೆ ತೋರಿಸಿದಳು.

"ಇದರಾಗ ನೀರೈತೇನು?"

ಹುಡುಗಿಗೆ ನನ್ನ ಮಾತು ವಿಚಿತ್ರವೆನಿಸಿತು. ಹೆಣದ ಮುಂದೆ ನಗಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನೀರಿದ್ರ ಕೂಸಿಗೆ ಹಾಕ್ತೀವೇನ್ರಿ?"

ಕಾಕ ಬಾಗಿಲಲ್ಲೇ ನಿಂತಿದ್ದ. ಹೊತ್ತಾಯಿತು, ಎತ್ತಿರಿ ಎಂದ.