ಮಂಗಳೂರು ಬಸ್ಸಿನಿಂದ ಮಕ್ಕಳನ್ನು ಇಳಿಸುವ ಬೋರವ್ವ

ಹುನಗುಂದದ ಬಸ್ ನಿಲ್ದಾಣದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮಂಗಳೂರು ಬಸ್ಸಿಗೆ ಗಂಟುಮೂಟೆ ಏರುತ್ತಿವೆ. ಕಸಬರಿಗೆಯನ್ನು ಕಂಬಕ್ಕೆ ಒರಗಿಸಿದ ಬೋರವ್ವ ಬಸ್ಸಿನ ಬಾಗಿಲಿಗೆ ಅಡ್ಡ ನಿಂತೇಬಿಟ್ಟಿದ್ದಾರೆ! "ಜಾಫರಸಾಬ, ಈಗಽ ಸೀಟಿ ಹೊಡಿಬ್ಯಾಡ. ಒಂದು ಹುಡುಗಿ ಇಳಿಸೂದೈತಿ" ಎಂದು ಕಂಡಕ್ಟರಿಗೆ ತಾಕೀತು ಬೇರೆ. ಆತ ನಗುತ್ತಾ ಗಡಿಯಾರ ತೋರಿಸುತ್ತಾನೆ. ವರದಿಗೆಂದು ಬಂದ ನಾನು ಪುಸ್ತಕ, ಪೆನ್ನು ತೆಗೆಯುತ್ತೇನೆ.

ಬೋರವ್ವ ಈ ನಿಲ್ದಾಣದ ಕಸ ಗುಡಿಸುವವರು. ತವರು ಬೇವೂರು, ಮನೆದೇವರು ಬೀರಪ್ಪ. ಅವರ ಓಣಿಯ ಅರ್ಧ ಜನ ಕಟ್ಟಡ ಕೆಲಸಕ್ಕೆಂದು ಮಂಗಳೂರು, ಗೋವೆಗೆ ಹೋಗುತ್ತಾರೆ. ಅಪ್ಪ ಅವ್ವ ಇಬ್ಬರೂ ಗಾರೆ ಹೊತ್ತರೆ ಕೈಗೂಸನ್ನು ನೋಡುವವರು ಯಾರು? ಶಾಲೆಗೆ ಹೋಗುವ ದೊಡ್ಡ ಮಗಳು! ಬೋರವ್ವನ ಓದು ಮೂರನೇ ಇಯತ್ತೆಯಲ್ಲಿ ಹೀಗೇ ಮುಗಿದದ್ದು. "ತಮ್ಮನ್ನ ಎತ್ಕೊಂಡು ಮಂಗಳೂರಿಗೆ ಹೋದಾಕಿ ಹೊಳ್ಳಿ ಬರೂದ್ರೊಳಗ ಪಾಟಿ ಹಿಡಿಯೂ ವಯಸ್ಸ ಹೋಗಿತ್ರಿ" ಎನ್ನುತ್ತಾರೆ.

ಇವತ್ತಿನ ಸರದಿ ಅದೇ ಓಣಿಯ ಅಂಜನಾಳದು. ಏಳನೇ ತರಗತಿ, ಪುಟ್ಟ ತಮ್ಮನನ್ನು ಕಂಕುಳಲ್ಲಿಟ್ಟು ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದಾಳೆ. ಮೊದಲೆಲ್ಲ ಬೋರವ್ವ ಬರೀ ಬುದ್ಧಿ ಹೇಳುತ್ತಿದ್ದರಂತೆ, ಜನ ತಲೆಯಾಡಿಸಿ ಬಸ್ ಹತ್ತುತ್ತಿದ್ದರಂತೆ. ಈಗ ಅವರ ವರಸೆಯೇ ಬೇರೆ.

"ಅಲ್ಲೇ ಸಾಲಿಗೆ ಹಾಕ್ತೇನಿ ಬಿಡಬೇ ಯಕ್ಕಾ" ಎನ್ನುತ್ತಾನೆ ಅಪ್ಪ ಸೋಮಲಿಂಗ.

ಬೋರವ್ವ ಸೆರಗಿನ ಗಂಟು ಬಿಚ್ಚಿ, ಬೀರಪ್ಪನ ಗುಡಿಯಿಂದ ತಂದ ಅರಿಶಿನದ ಭಂಡಾರವನ್ನು ಅಂಗೈಯಲ್ಲಿ ಚಾಚುತ್ತಾರೆ. "ಹಂಗಾದ್ರ ಇದನ್ನ ಮುಟ್ಟಿ ಹೇಳು."

ಭಂಡಾರ ಮುಟ್ಟಿ ಸುಳ್ಳಾಡುವ ಗಂಡಸು ಈ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ. ಸೋಮಲಿಂಗನ ಕೈ ಕಿಸೆಯಿಂದ ಹೊರಗೇ ಬರುವುದಿಲ್ಲ. "ಮತ್ತ ಕೂಸು ಯಾರು ನೋಡಬೇಕಬೇ?" ಎಂದು ಕಡೆಗೆ ಖರೆ ಮಾತು ಬೀಳುತ್ತದೆ.

"ಇಂದ್ರವ್ವ ನೋಡ್ತಾಳ!" ಕಳಿಸಿಕೊಡಲು ಬಂದು ನಿಂತ ಅಜ್ಜಿಯತ್ತ ಬೋರವ್ವನ ಬೆರಳು. "ಮುದುಕಿನ್ನ ಮನಿ ಕಾಯಾಕ ಬಿಟ್ಟು ಹುಡುಗಿನ್ನ ಒಯ್ಯಾಕತ್ತೀರಿ. ಮನಿಗೆ ಕೀಲಿ ಹಾಕ್ರಿ, ಮುದುಕಿನ್ನ ಒಯ್ರಿ. ಅಂಜನಾ ನನ್ನ ಮನ್ಯಾಗಿದ್ದು ಸಾಲಿಗೆ ಹೋಗ್ಲಿ."

"ನನ್ನ ಯಾರು ಕೇಳ್ಯಾರವ್ವಾ? ಕೇಳಿದ್ರ ನಿನ್ನೆ ರಾತ್ರಿನಽ ಗಂಟು ಕಟ್ತಿದ್ದೆ!" ಎಂದವಳೇ ಇಂದ್ರವ್ವ ಮೊಮ್ಮಗನನ್ನು ಎತ್ತಿಕೊಂಡು ಉಟ್ಟ ಸೀರೆಯಲ್ಲೇ ಬಸ್ ಹತ್ತುತ್ತಾಳೆ. ಬಸ್ಸಿಗೆ ಬಸ್ಸೇ ನಗುತ್ತದೆ. ಅಂಜನಾ ಕೆಳಗೆ ಜಿಗಿಯುತ್ತಾಳೆ, ಅವಳ ಅವ್ವ ಕಿಟಕಿಯಿಂದ ಮಗಳ ಬಟ್ಟೆಯ ಚೀಲ ಇಳಿಸುತ್ತಾಳೆ. ವರದಿಗಾರ ಎಂಬುದನ್ನೂ ಮರೆತು ನಾನು ಚಪ್ಪಾಳೆ ಹೊಡೆಯುತ್ತಿದ್ದೇನೆ!

ಬಸ್ ತಿರುವು ದಾಟುವವರೆಗೆ ತಮ್ಮನಿಗೆ ಕೈಬೀಸಿದ ಅಂಜನಾ ಒಂದಿಷ್ಟು ಅಳುತ್ತಾಳೆ. ಆಮೇಲೆ ಮೂಗು ಒರೆಸಿಕೊಂಡು, "ಇವತ್ತ ಗಣಿತ ಪರೀಕ್ಷೆ ಐತಿ" ಎನ್ನುತ್ತಾಳೆ. ಬೋರವ್ವನ ಮನೆಯಲ್ಲಿ ಹೀಗೆ ಉಳಿದ ಹುಡುಗಿಯರು ಈಗ ನಾಲ್ವರು.

ನಿಮ್ಮ ಆಸೆ ಏನು ಎಂದು ಕೇಳುತ್ತೇನೆ.

"ಹುಡುಗೂರು ಮಂಗಳೂರಿಗೆ ಹೋಗಬಾರದು ಅನ್ನಂಗಿಲ್ರಿ ನಾ. ಸಾಲಿ ಸೂಟ್ಯಾಗ ಹೋಗ್ಲಿ, ಸಮುದ್ರ ನೋಡಿ ಬರ್ಲಿ. ನಾ ಭಾಳ ವರ್ಷ ಅಲ್ಲೇ ಇದ್ದೆ, ಒಮ್ಮೆನೂ ನೋಡ್ಲಿಲ್ಲ. ಕೂಸು ಕೆಳಗ ಇಳಿಸಾಕ ಪುರಸೊತ್ತಿರ್ಲಿಲ್ರಿ."